ಯುದ್ಧ, ಗಲಭೆ ಕಂಡ ಊರುಗಳಲ್ಲಿ ಕೆಲವೇ ದಿನದ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂಸೆ ನಿಂತ ಮಾತ್ರಕ್ಕೆ ಊರು ಸರಿಹೋಗುವುದಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ, ಮುಚ್ಚಿದ್ದ ರಸ್ತೆ ತೆರೆದಿರುತ್ತದೆ. ಆದರೂ ಆ ಬೀದಿಯವರು ಈ ಬೀದಿಗೆ ಕಾಲಿಡುವುದಿಲ್ಲ. ಸತ್ತವರ ಹೆಸರು ಮನೆಯ ಹೊಸ್ತಿಲು ದಾಟುವುದಿಲ್ಲ. ಇಂಥ ಕೆಲವು ಊರುಗಳಲ್ಲಿ ಕಲಾವಿದರೂ ಜನರೂ ಸೇರಿ ಚೌಕದಲ್ಲೋ ರಸ್ತೆಯಲ್ಲೋ ಗುಡ್ಡದ ಮೇಲೋ ಏನನ್ನೋ ಕಟ್ಟಿದ್ದಾರೆ. ಅದು ಒಂದು ದಿನವೋ ಒಂದು ವಾರವೋ ಇದ್ದು ಹೋಗಿಬಿಟ್ಟಿದೆ. ಇದರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಯಾಕೆಂದರೆ ಅಲ್ಲಿ ಹೇಳುವುದು ಜಾಸ್ತಿ ಇದೆ.

ತಾತ್ಕಾಲಿಕ ಸಾರ್ವಜನಿಕ ಕಲೆ ಅಂದರೆ ಏನು? ಗೋಡೆ ಚಿತ್ರವೂ ಇದರಲ್ಲಿ ಬರುತ್ತಾ?

ಎಲ್ಲರೂ ಓಡಾಡುವ ಜಾಗದಲ್ಲಿ, ಟಿಕೆಟ್ ಇಲ್ಲದೆ, ಇಷ್ಟು ದಿನ ಮಾತ್ರ ಅಂತ ಮೊದಲೇ ಗೊತ್ತುಮಾಡಿ ಮಾಡಿದ ಕೆಲಸ. ಅದು ಮರದ ಕಟ್ಟಡ ಇರಬಹುದು, ಹಾಸಿದ ಬಟ್ಟೆ ಇರಬಹುದು, ಸಾಲಾಗಿಟ್ಟ ಕುರ್ಚಿ ಇರಬಹುದು. ಗೋಡೆ ಚಿತ್ರವನ್ನು ನಾನು ಇದರಲ್ಲಿ ಸೇರಿಸುವುದಿಲ್ಲ. ಅದು ವರ್ಷಗಟ್ಟಲೆ ಉಳಿಯುತ್ತದೆ. ಒಡೆದ ಊರುಗಳಲ್ಲಂತೂ ಎಷ್ಟೋ ಸಲ 'ಇದು ನಮ್ಮ ಜಾಗ, ಹುಷಾರ್' ಅಂತ ಹೇಳುವ ಬೋರ್ಡ್ ಆಗಿಬಿಡುತ್ತದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಅಂಥ ಗೋಡೆಗಳು ಬೇಕಾದಷ್ಟಿವೆ.

ಉಳಿಯದೇ ಹೋಗುವುದನ್ನು ಯಾಕೆ ಕಟ್ಟಬೇಕು? ಕಲ್ಲಿನ ಸ್ಮಾರಕವೇ ಮೇಲಲ್ವಾ?

ಸ್ಮಾರಕ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಕಲ್ಲಿಗೆ ಉಳಿ ಇಡುವ ಮೊದಲು ಕೆಲವು ಪ್ರಶ್ನೆ ಬಗೆಹರಿಯಬೇಕು. ಯಾರ ಹೆಸರು ಕೆತ್ತುವುದು? 'ಸತ್ತರು' ಅಂತ ಬರೆಯುವುದಾ, 'ಕೊಂದರು' ಅಂತ ಬರೆಯುವುದಾ? ಯಾರ ಬೀದಿಯಲ್ಲಿ ನಿಲ್ಲಿಸುವುದು? ಹಿಂಸೆ ನಿಂತ ಹೊಸದರಲ್ಲಿ ಈ ಒಂದೊಂದು ಪ್ರಶ್ನೆಯೂ ಹೊಸ ಜಗಳಕ್ಕೆ ಸಾಕು. ಕೊನೆಗೆ ಗೆದ್ದವರ ಮಾತೇ ಕಲ್ಲಿನ ಮೇಲೆ ಕೂತರೆ, ಸೋತವರ ಮಕ್ಕಳು ದಿನಾ ಅದನ್ನು ದಾಟಿಕೊಂಡೇ ಶಾಲೆಗೆ ಹೋಗಬೇಕಾಗುತ್ತದೆ.

ಒಂದು ವಾರ ಮಾತ್ರ ಇರುವುದಕ್ಕೆ ಜನ ಅಷ್ಟು ಹೆದರುವುದಿಲ್ಲ. ಯಾರ ಜಾಗವನ್ನೂ ಅದು ಕಾಯಂ ಆಗಿ ಹಿಡಿಯುವುದಿಲ್ಲ. ಅದಕ್ಕೇ ಎರಡೂ ಕಡೆಯವರು ಬಂದು ನೋಡುವ ಧೈರ್ಯ ಮಾಡುತ್ತಾರೆ. ಮುಗಿಯುವ ದಿನ ಗೊತ್ತಿರುವುದರಿಂದ ನಾಳೆ, ನಾಡಿದ್ದು ಅಂತ ಮುಂದಕ್ಕೂ ಹಾಕುವುದಿಲ್ಲ. ಕಲ್ಲಿನ ಸ್ಮಾರಕ ಎಲ್ಲಿಗೂ ಹೋಗಲ್ಲ, ಮುಂದಿನ ವರ್ಷ ನೋಡಿದರೂ ಆಯಿತು. ಕಟ್ಟಿದ್ದನ್ನು ಶನಿವಾರ ಸುಟ್ಟುಬಿಡುತ್ತಾರೆ ಅಂದರೆ ಈ ವಾರವೇ ಹೋಗಬೇಕು, ಹೇಳಬೇಕಾದ್ದನ್ನು ಈ ವಾರವೇ ಹೇಳಬೇಕು.

ಡೆರಿಯಲ್ಲಿ ಟೆಂಪಲ್ ಕಟ್ಟಿ ಸುಟ್ಟರಂತೆ. ಏನದು?

ಈ ವಿಷಯ ಬಂದಾಗಲೆಲ್ಲ ಮೊದಲು ಕೇಳುವುದು ಇದನ್ನೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉತ್ತರ ಐರ್ಲೆಂಡಿನ ಈ ಊರನ್ನು ಐರಿಷ್ ರಾಷ್ಟ್ರೀಯವಾದಿಗಳು, ಅಂದರೆ ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರು, ಡೆರಿ ಅನ್ನುತ್ತಾರೆ. ಬ್ರಿಟನ್ ಪರ ಇರುವ ಹೆಚ್ಚಿನವರು ಲಂಡನ್‌ಡೆರಿ ಅನ್ನುತ್ತಾರೆ. 1972ರ ಜನವರಿ 30ರಂದು ಇಲ್ಲಿ ನಾಗರಿಕ ಹಕ್ಕುಗಳಿಗಾಗಿ ಹೊರಟಿದ್ದ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಮೂರು ದಶಕ ನಡೆದ ಉತ್ತರ ಐರ್ಲೆಂಡಿನ ಹಿಂಸೆಗೆ ಒಟ್ಟು 3,500ಕ್ಕೂ ಹೆಚ್ಚು ಜನ ಬಲಿಯಾದರು. 1998ರಲ್ಲಿ ಶಾಂತಿ ಒಪ್ಪಂದ ಆಯಿತು.

ಅಲ್ಲಿ ಬೆಂಕಿ ಅಂದರೆ ಯಾವ ಕಡೆಯ ಬೆಂಕಿ ಅಂತ ಕೇಳುವ ಹಾಗಿತ್ತು. ಜುಲೈ 11ರ ರಾತ್ರಿ ಬ್ರಿಟನ್ ಪರ ಇರುವ ಪ್ರಾಟೆಸ್ಟಂಟರ ಬೀದಿಗಳಲ್ಲಿ ಮರದ ಪ್ಯಾಲೆಟ್‌ಗಳನ್ನು ಮನೆಗಿಂತ ಎತ್ತರಕ್ಕೆ ಪೇರಿಸಿ ಸುಡುತ್ತಾರೆ. ಆಗಸ್ಟ್‌ನಲ್ಲಿ ಐರ್ಲೆಂಡ್ ಪರ ಇರುವ ಕ್ಯಾಥೊಲಿಕರ ಬೀದಿಗಳ ಸರದಿ. ಎಷ್ಟೋ ಕಡೆ ರಾಶಿಯ ತುದಿಯಲ್ಲಿ ಎದುರು ಕಡೆಯವರ ಬಾವುಟ ಕಟ್ಟಿ ಸುಡುತ್ತಾರೆ.

2015ರ ಮಾರ್ಚ್‌ನಲ್ಲಿ ಅಮೆರಿಕದ ಕಲಾವಿದ ಡೇವಿಡ್ ಬೆಸ್ಟ್ ಮತ್ತು ಲಂಡನ್ನಿನ ಆರ್ಟಿಚೋಕ್ ಸಂಸ್ಥೆ ಅಲ್ಲಿನ ಜನರನ್ನು ಸೇರಿಸಿಕೊಂಡು ಗುಡ್ಡದ ಮೇಲೆ, ಊರಿಗೆಲ್ಲ ಕಾಣುವ ಹಾಗೆ, ಸುಮಾರು 70 ಅಡಿ ಎತ್ತರದ ಮರದ ಗೋಪುರ ಕಟ್ಟಿದರು. ಹೆಸರು ಟೆಂಪಲ್. ಒಳಗೆ ಯಾವ ದೇವರೂ ಇರಲಿಲ್ಲ, ಯಾವ ಧರ್ಮದ ಗುರುತೂ ಇರಲಿಲ್ಲ. ಗೋಡೆ ಅಂದರೆ ಯಂತ್ರದಲ್ಲಿ ಜಾಲರಿಯಂತೆ ಕೊರೆದ ಪ್ಲೈವುಡ್ ಹಲಗೆಗಳು. ಬೆಳಕು ಆ ಕಿಂಡಿಗಳಿಂದ ತೂರಿ ಒಳಗೆ ಬೀಳುತ್ತಿತ್ತು. ಜನ ಪೆನ್ನು ಹಿಡಿದು ಮರದ ಮೇಲೇ ಬರೆದರು. ಹೆಸರು ಬರೆದರು, ಪತ್ರ ಸಿಕ್ಕಿಸಿದರು, ಫೋಟೊ ಇಟ್ಟರು. ಗಲಭೆಯಲ್ಲಿ ಸತ್ತವರದ್ದಷ್ಟೇ ಅಲ್ಲ, ಕಾಯಿಲೆಯಲ್ಲಿ ಹೋದವರದ್ದು, ಆತ್ಮಹತ್ಯೆ ಮಾಡಿಕೊಂಡವರದ್ದು, ಎಲ್ಲ ಒಂದೇ ಹಲಗೆಯ ಮೇಲೆ. ಪಕ್ಕದಲ್ಲಿ ಬರೆದವರು ಯಾವ ಕಡೆಯವರು ಅಂತ ಕೈಬರಹ ನೋಡಿ ಯಾರಿಗೆ ಗೊತ್ತಾಗುತ್ತದೆ?

ಸುಮಾರು ಒಂದು ವಾರದಲ್ಲಿ 60,000ದಷ್ಟು ಜನ ಬಂದರು. ಮಾರ್ಚ್ 21ರ ರಾತ್ರಿ ಸಾವಿರಾರು ಜನರ ಎದುರಿಗೆ ಅದಕ್ಕೆ ಬೆಂಕಿ ಇಟ್ಟರು. ಅವತ್ತು ಉರಿಯುವ ರಾಶಿಯ ತುದಿಯಲ್ಲಿ ಯಾರ ಬಾವುಟವೂ ಇರಲಿಲ್ಲ. ನನಗೆ ಇಡೀ ಯೋಜನೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ಇದೇ. ಹಗೆ ಸಾರಲು ಬಳಸುತ್ತಿದ್ದ ಬೆಂಕಿಯನ್ನೇ ತೆಗೆದುಕೊಂಡರು, ಆದರೆ ಯಾರ ವಿರುದ್ಧವೂ ಹಚ್ಚಲಿಲ್ಲ.

ಇದು ಬೆಸ್ಟ್ ಅವರಿಗೆ ಹೊಳೆದದ್ದು ಹೇಗೆ?

ನೆವಾಡಾದ ಮರುಭೂಮಿಯಲ್ಲಿ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ 2000ದಲ್ಲಿ ಅವರು ಗೆಳೆಯರ ಜೊತೆ ಮರದ ಕಟ್ಟಡ ಮಾಡುವ ತಯಾರಿಯಲ್ಲಿದ್ದರು. ಅಷ್ಟರಲ್ಲಿ ಗೆಳೆಯರಲ್ಲೊಬ್ಬರು ಬೈಕ್ ಅಪಘಾತದಲ್ಲಿ ತೀರಿಕೊಂಡರು. ಉಳಿದವರು ಆ ಕಟ್ಟಡವನ್ನು ಅವರ ನೆನಪಿಗೆ ಬಿಟ್ಟರು. ನೋಡಲು ಬಂದವರೂ ತಮ್ಮವರ ಹೆಸರು ಬರೆಯತೊಡಗಿದರು. ಆಮೇಲೆ ಪ್ರತಿ ಉತ್ಸವಕ್ಕೂ ಒಂದು ಟೆಂಪಲ್ ಎದ್ದಿತು. ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿ 14ರಂದು 17 ಜನರನ್ನು ಗುಂಡಿಟ್ಟು ಕೊಂದ ಮೇಲೆ, ವರ್ಷ ತುಂಬಿದ ದಿನ ಪಕ್ಕದ ಕೋರಲ್ ಸ್ಪ್ರಿಂಗ್ಸ್‌ನಲ್ಲೂ ಬೆಸ್ಟ್ ಇಂಥದ್ದೊಂದನ್ನು ಜನರಿಗೆ ತೆರೆದರು. ಅದನ್ನು 2019ರ ಮೇ ತಿಂಗಳಲ್ಲಿ ಸುಟ್ಟರು.

ಬರೀ ಕುರ್ಚಿ ಸಾಲಾಗಿ ಇಟ್ಟರೆ ಅದು ಕಲೆ ಹೇಗಾಗುತ್ತೆ?

ಬೋಸ್ನಿಯಾದ ರಾಜಧಾನಿ ಸರಾಯೆವೊ ನಗರಕ್ಕೆ 1992ರ ಏಪ್ರಿಲ್‌ನಲ್ಲಿ ಮುತ್ತಿಗೆ ಬಿತ್ತು. ಅದು ಮುಗಿದದ್ದು 1996ರ ಫೆಬ್ರವರಿ ಕೊನೆಗೆ. ಸುತ್ತಲಿನ ಬೆಟ್ಟಗಳಿಂದ ಶೆಲ್, ಕಟ್ಟಡಗಳ ಮೇಲಿನಿಂದ ಸ್ನೈಪರ್ ಗುಂಡು. 2012ರ ಏಪ್ರಿಲ್ 6ರಂದು, 20 ವರ್ಷ ತುಂಬಿದಾಗ, ರಂಗ ನಿರ್ದೇಶಕ ಹಾರಿಸ್ ಪಾಶೊವಿಚ್ ನಗರದ ಮುಖ್ಯ ರಸ್ತೆಯ ಉದ್ದಕ್ಕೂ 11,541 ಕೆಂಪು ಕುರ್ಚಿ ಇಡಿಸಿದರು. ಸತ್ತವರೊಬ್ಬೊಬ್ಬರಿಗೂ ಒಂದು ಕುರ್ಚಿ. ಎದುರಿಗೆ ವೇದಿಕೆ, ಹಾಡುವವರು, ವಾದ್ಯದವರು. ಕೇಳಲು ಖಾಲಿ ಕುರ್ಚಿ. ಬದುಕಿ ಉಳಿದವರು ಪಕ್ಕದಲ್ಲಿ ನಿಂತಿದ್ದರು.

ಅದರಲ್ಲಿ 643 ಚಿಕ್ಕ ಕುರ್ಚಿಗಳಿದ್ದವು, ಮಕ್ಕಳದ್ದು. ದಿನ ಏರುತ್ತಾ ಬಂದ ಹಾಗೆ ಜನ ಅವುಗಳ ಮೇಲೆ ಆಟದ ಗೊಂಬೆ ಇಡತೊಡಗಿದರು, ಹೂವು ಇಡತೊಡಗಿದರು.

ಹನ್ನೊಂದು ಸಾವಿರ ಅಂತ ಓದುವಾಗ ಅದು ಅಂಕಿ. ರಸ್ತೆಯ ಈ ತುದಿಯಲ್ಲಿ ನಿಂತು ಆ ತುದಿ ಕಾಣದೇ ಹೋದಾಗ ಅದು ಜನ. ಕಲೆ ಅಂತ ಕರೆಯಬೇಕೋ ಬೇಡವೋ ಅನ್ನುವ ಚರ್ಚೆಗೆ ಇದಕ್ಕಿಂತ ಜಾಸ್ತಿ ಉತ್ತರ ನನಗೆ ಬೇಕು ಅನ್ನಿಸುವುದಿಲ್ಲ.

ಜನ ಸುಮ್ನೆ ನೋಡಿಕೊಂಡು ಹೋದರೆ ಸಾಲದಾ? ಕೈ ಹಚ್ಚಲೇಬೇಕಾ?

ಹಚ್ಚಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನೋಡಿದ್ದು ಮರೆತು ಹೋಗಬಹುದು, ಕೈಯಾರೆ ಮಾಡಿದ್ದು ಅಷ್ಟು ಬೇಗ ಮರೆಯುವುದಿಲ್ಲ.

ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಬೋಸ್ನಿಯಾದಿಂದ ಚಿಕ್ಕವಯಸ್ಸಿನಲ್ಲೇ ಓಡಿಬರಬೇಕಾಗಿ ಬಂದ ಕಲಾವಿದೆ ಐದಾ ಶೆಹೊವಿಚ್ 2006ರಿಂದ ಪ್ರತಿ ಜುಲೈ 11ಕ್ಕೆ ಒಂದೊಂದು ನಗರದ ಚೌಕದಲ್ಲಿ ಚಿಕ್ಕ ಪಿಂಗಾಣಿ ಕಾಫಿ ಬಟ್ಟಲುಗಳನ್ನು ಜೋಡಿಸುತ್ತಾ ಬಂದರು. ಬಟ್ಟಲುಗಳನ್ನು ಕೊಟ್ಟವರು ಬೋಸ್ನಿಯಾದ ಕುಟುಂಬಗಳು. ಅಲ್ಲಿ ಮನೆಯವರು, ನೆರೆಯವರು ಕೂತು ಕಾಫಿ ಕುಡಿಯುವುದು ದಿನದ ಮುಖ್ಯ ಗಳಿಗೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಬಹಳ ಕಾಡುವುದು ಆ ಹೊತ್ತು. ಚೌಕದಲ್ಲೇ ಕಾಫಿ ಕಾಯಿಸುತ್ತಿದ್ದರು. ದಾರಿಹೋಕರು ನಿಂತು 'ಇದೇನು?' ಅಂತ ಕೇಳುತ್ತಿದ್ದರು. ಉತ್ತರ ಕೇಳಿಸಿಕೊಂಡು, ಬಗ್ಗಿ, ಒಂದು ಬಟ್ಟಲಿಗೆ ಕಾಫಿ ಸುರಿದು ನೆಲದ ಮೇಲೆ ಇಡುತ್ತಿದ್ದರು. ಅದನ್ನು ಯಾರೂ ಕುಡಿಯುತ್ತಿರಲಿಲ್ಲ. 2020ರಲ್ಲಿ, ಹತ್ಯೆಗೆ 25 ವರ್ಷ ತುಂಬಿದಾಗ, ಕೊಲೆಯಾದವರನ್ನು ಹೂತಿರುವ ಪೊಟೊಚಾರಿಯಲ್ಲೇ ಕೊನೆಯ ಸಲ ಬಟ್ಟಲು ಜೋಡಿಸಿದರು.

ಒಂದು ಬಟ್ಟಲು ತುಂಬಿಸಲು ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷ ನೀವು ಒಬ್ಬ ಸತ್ತ ಮನುಷ್ಯನಿಗೆ ಕಾಫಿ ಮಾಡಿಕೊಟ್ಟಿದ್ದೀರಿ. ಭಾಷಣ ಕೇಳಿದರೆ ಇದು ಆಗುವುದಿಲ್ಲ.

ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ನಡೆದ ಕೆಲಸವೂ ಇದೇ ಜಾಡಿನದು. ಕೊಲಂಬಿಯಾ ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ ಆಗಿದ್ದ ಶಾಂತಿ ಒಪ್ಪಂದವನ್ನು 2016ರ ಅಕ್ಟೋಬರ್ 2ರ ಜನಮತದಲ್ಲಿ ಕೂದಲೆಳೆಯ ಅಂತರದಲ್ಲಿ ಬೇಡ ಅಂದುಬಿಟ್ಟರು. ಐದು ದಶಕದ ಯುದ್ಧ, ಎರಡು ಲಕ್ಷಕ್ಕೂ ಹೆಚ್ಚು ಸಾವು, ಅದರ ಮೇಲೆ ಈ ಪೆಟ್ಟು. ಒಂಬತ್ತೇ ದಿನದಲ್ಲಿ ಶಿಲ್ಪಿ ಡೋರಿಸ್ ಸಾಲ್ಸೆಡೊ ನಗರದ ದೊಡ್ಡ ಚೌಕದಲ್ಲಿ ಬಿಳಿ ಬಟ್ಟೆ ಹರಡಿಸಿದರು. ಸುಮಾರು 1,900 ಬಟ್ಟೆ ತುಂಡು, ಒಂದೊಂದರ ಮೇಲೂ ಯುದ್ಧದಲ್ಲಿ ಸತ್ತ ಒಬ್ಬರ ಹೆಸರು. ಬರೆದದ್ದು ಬೂದಿಯಲ್ಲಿ, ಅರ್ಧ ಅಳಿಸಿದ ಹಾಗೆ. ಸ್ವಯಂಸೇವಕರು ನೆಲದ ಮೇಲೆ ಕೂತು ಸೂಜಿ ದಾರ ಹಿಡಿದು ಅವನ್ನೆಲ್ಲ ಒಂದಕ್ಕೊಂದು ಹೊಲಿದರು. ನಿಮ್ಮ ಕೈಗೆ ಸಿಕ್ಕ ಬಟ್ಟೆಯಲ್ಲಿ ಯಾರ ಹೆಸರಿದೆ ಅನ್ನುವುದನ್ನು ನೀವು ಆರಿಸುವ ಹಾಗಿಲ್ಲ. ಯಾರದೋ ಹೆಸರಿನ ಅಂಚು, ಇನ್ಯಾರದೋ ಹೆಸರಿನ ಅಂಚು, ನಡುವೆ ನಿಮ್ಮ ಹೊಲಿಗೆ.

ದೇಹವೇ ಸಿಗದವರ ಮನೆಯವರಿಗೆ ಇದರಿಂದ ಏನಾಗುತ್ತೆ?

ಅಂಥವರ ಸಂಕಟ ಬೇರೆ ತರಹದ್ದು. ಸತ್ತಿದ್ದಾರೆ ಅಂತ ಒಪ್ಪಿಕೊಂಡರೆ ಮೋಸ ಮಾಡಿದ ಹಾಗೆ, ಬದುಕಿದ್ದಾರೆ ಅಂತ ಕಾಯುತ್ತಾ ಕೂತರೆ ಬದುಕೇ ನಿಂತ ಹಾಗೆ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಇಂಥ ಕೊನೆ ಕಾಣದ ನಷ್ಟದ ಬಗ್ಗೆ 1970ರ ದಶಕದಿಂದ ಕೆಲಸ ಮಾಡಿದವರು. ಇಲ್ಲಿ 'ಮುಗಿಯಿತು' ಅನ್ನುವ ಗಳಿಗೆಯೇ ಬರುವುದಿಲ್ಲ ಅನ್ನುವುದು ಅವರ ಮಾತಿನ ಸಾರ.

ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಸೇನಾ ಸರ್ಕಾರ ಸಾವಿರಾರು ಜನರನ್ನು ಹಿಡಿದು ಮಾಯ ಮಾಡಿತು. ಮಾನವ ಹಕ್ಕು ಸಂಘಟನೆಗಳು 30,000 ಅನ್ನುತ್ತವೆ. 1983ರ ಸೆಪ್ಟೆಂಬರ್ 21ರಂದು ಬ್ವೆನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ, ಕಾಣೆಯಾದವರ ತಾಯಂದಿರು ಕರೆದಿದ್ದ ಮೆರವಣಿಗೆಯಲ್ಲಿ, ಮೂವರು ಕಲಾವಿದರು ಕಾಗದದ ಸುರುಳಿ ಬಿಚ್ಚಿದರು. ಜನ ಒಬ್ಬೊಬ್ಬರಾಗಿ ಕಾಗದದ ಮೇಲೆ ಮಲಗಿದರು, ಪಕ್ಕದವರು ಅವರ ಮೈ ಸುತ್ತ ಗೆರೆ ಎಳೆದರು. ಆ ಆಕಾರವನ್ನು ಸುತ್ತಲಿನ ಗೋಡೆಗಳಿಗೆ ಅಂಟಿಸಿದರು. ಕಾಣೆಯಾದವರಲ್ಲಿ ಬಸುರಿಯರೂ ಇದ್ದರಲ್ಲ, ಅವರಿಗಾಗಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಲಗಿ ಗೆರೆ ಎಳೆಸಿಕೊಂಡರು.

ತಾಯಂದಿರು ಒಂದು ಮಾತು ಮೊದಲೇ ಹೇಳಿದ್ದರು. ಆಕಾರಗಳು ನೆಲದ ಮೇಲೆ ಮಲಗಿರಬಾರದು, ಗೋಡೆಯ ಮೇಲೆ ನೆಟ್ಟಗೆ ನಿಂತಿರಬೇಕು. ಮಲಗಿದ್ದರೆ ಹೆಣ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಅವರು ಕೇಳುತ್ತಿದ್ದದ್ದು ಮಕ್ಕಳನ್ನು ಜೀವಂತ ವಾಪಸ್ ಕೊಡಿ ಅಂತ. ಕಲಾವಿದರು ಆ ಮಾತಿಗೆ ಒಪ್ಪಿದರು. ಕಳೆದುಕೊಂಡವರ ಮಾತು ಕೇಳುವುದು ಅಂದರೆ ಇಷ್ಟು ಸೂಕ್ಷ್ಮವಾದ ವಿಷಯ.

ಗಾಯ ನಿಜಕ್ಕೂ ಮಾಯುತ್ತಾ? ಏನಾದರೂ ಪುರಾವೆ ಇದೆಯಾ?

ಒಂದು ವಾರದ ಕಲೆ ಇಡೀ ಊರಿನ ಗಾಯ ಮಾಯಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕೆ ಹತ್ತಿರದ ಅಧ್ಯಯನಗಳಿಂದ ಕೆಲವು ವಿಷಯ ಗೊತ್ತಿವೆ, ಅಷ್ಟು ಹೇಳಬಹುದು.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಎರಡು ಗುಂಪಿನವರು ಸುಮ್ನೆ ಎದುರಾಬದುರಾದರೆ ಹಗೆ ಕಡಿಮೆಯಾಗುವುದಿಲ್ಲ. ಇಬ್ಬರೂ ಸರಿಸಮಾನರಾಗಿ, ಒಂದೇ ಗುರಿಗೆ, ಜೊತೆಗೆ ದುಡಿಯಬೇಕು. ಊರಿನ ಹಿರಿಯರ, ಆಡಳಿತದ ಬೆಂಬಲವೂ ಇರಬೇಕು. ಹಲಗೆ ಹೊರುವುದು, ಬಟ್ಟೆ ಹೊಲಿಯುವುದು ಇಂಥ ಕೆಲಸವೇ ಅಲ್ವಾ? ಅದಕ್ಕೇ ನನ್ನ ಲೆಕ್ಕದಲ್ಲಿ ಉದ್ಘಾಟನೆಯ ದಿನಕ್ಕಿಂತ ಕಟ್ಟುವ ದಿನಗಳೇ ಮುಖ್ಯ.

ಆದರೆ ಮಿತಿಯೂ ಇದೆ. ಇರಾಕ್‌ನಲ್ಲಿ ಐಸಿಸ್ ದಾಳಿಗೆ ಸಿಕ್ಕಿ ಮನೆ ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ನಡೆಸಿದವರು ಸಲ್ಮಾ ಮೂಸಾ. ಜೊತೆಗೆ ಆಡಿದವರ ನಡುವೆ ಸ್ನೇಹ ಬೆಳೆಯಿತು, ತಿಂಗಳುಗಟ್ಟಲೆ ಉಳಿಯಿತು ಕೂಡ. ಮೈದಾನದ ಆಚೆ, ಗುರುತಿಲ್ಲದ ಮುಸ್ಲಿಮರ ಜೊತೆ ಬೆರೆಯುವ ವಿಷಯದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಕಲೆಯ ವಿಷಯದಲ್ಲೂ ಇದನ್ನೇ ನಿರೀಕ್ಷಿಸುವುದು ಒಳ್ಳೆಯದು. ಜೊತೆಗೆ ಕೆಲಸ ಮಾಡಿದವರ ನಡುವೆ ಏನೋ ಆಗುತ್ತದೆ. ಊರೆಲ್ಲ ಬದಲಾಗುವುದಿಲ್ಲ.

ಇದು ಹಳೇ ಗಾಯ ಕೆದಕಿದ ಹಾಗಲ್ವಾ?

ಹೌದು, ಆಗಬಹುದು. ಈ ಕೆಲಸಕ್ಕೆ ಇಳಿಯುವವರು ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು.

ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಆಮೇಲೆ ಫ್ಯಾಂಬುಲ್ ಟಾಕ್ ಅನ್ನುವ ಸಂಸ್ಥೆ ಹಳ್ಳಿಗಳಲ್ಲಿ ರಾತ್ರಿ ಬೆಂಕಿ ಸುತ್ತ ಜನರನ್ನು ಕೂರಿಸಿ ಮಾತಾಡಿಸಿತು. ನೊಂದವರು ಆದದ್ದನ್ನು ಹೇಳಿದರು, ತಪ್ಪು ಮಾಡಿದವರು ಎದ್ದು ಕ್ಷಮೆ ಕೇಳಿದರು. 200 ಹಳ್ಳಿಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2016ರಲ್ಲಿ ಹೊರಬಂತು. ಜನರ ನಡುವೆ ಕ್ಷಮೆ, ನಂಬಿಕೆ, ಒಡನಾಟ ಹೆಚ್ಚಿತ್ತು. ಆದರೆ ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಯುದ್ಧದ ನೆನಪಿನ ಕಾಟ ಕೂಡ ಹೆಚ್ಚಿತ್ತು. ಎರಡೂವರೆ ವರ್ಷ ಕಳೆದು ನೋಡಿದರೂ ಹಾಗೇ ಇತ್ತು.

ಅದು ಕಲಾ ಯೋಜನೆ ಅಲ್ಲ. ಆದರೂ ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಬಹಳ ಎಚ್ಚರ ಮೂಡಿಸಿದ್ದು ಇದೇ. ಊರಿಗೆ ಒಳ್ಳೆಯದಾದದ್ದಕ್ಕೆ ಒಬ್ಬೊಬ್ಬರು ತಮ್ಮ ಮೈಮನಸ್ಸಿನಲ್ಲಿ ಬೆಲೆ ತೆತ್ತಿದ್ದಾರೆ. ಹಾಗಾಗಿ ನೆನಪನ್ನು ಎಬ್ಬಿಸುವ ಯಾವ ಕೆಲಸಕ್ಕೇ ಆಗಲಿ, ಜೊತೆಗೆ ಮನೋವೈದ್ಯರೋ ಆಪ್ತಸಲಹೆಗಾರರೋ ಇರಲೇಬೇಕು. ಅವತ್ತಿಗೆ ಮಾತ್ರ ಅಲ್ಲ, ಆಮೇಲೆ ತಿಂಗಳುಗಟ್ಟಲೆ. ಅದಕ್ಕೆ ಹಣವಿಲ್ಲ ಅಂದರೆ ಕೆಲಸವನ್ನು ಚಿಕ್ಕದು ಮಾಡಿ, ಆ ಹಣ ಹೊಂದಿಸಿ.

ಕೊಂದವರಿಗೆ ಶಿಕ್ಷೆಯೇ ಆಗಿಲ್ಲ. ಕಲೆ ಅನ್ನುವುದು ಕಣ್ಣೊರೆಸುವ ತಂತ್ರ ಅಲ್ವಾ?

ಈ ಸಿಟ್ಟು ನ್ಯಾಯವಾದದ್ದು. ನ್ಯಾಯದ ಬದಲು ಕಲೆ ಕೊಟ್ಟರೆ ಅದು ಕಣ್ಣೊರೆಸುವುದೇ. ಸರ್ಕಾರ ಒಂದು ಕಡೆ ಕಡತ ಮುಚ್ಚಿ, ಇನ್ನೊಂದು ಕಡೆ ಹಣತೆ ಹಚ್ಚಲು ಹಣ ಕೊಟ್ಟರೆ ಆ ಹಣ ಬೇಡ ಅನ್ನುವುದೇ ಸರಿ.

ಆದರೆ ಮೇಲಿನ ಉದಾಹರಣೆಗಳನ್ನು ಇನ್ನೊಮ್ಮೆ ನೋಡಿ. ಡೆರಿಯಲ್ಲಿ ಟೆಂಪಲ್ ಬಂದದ್ದು 1972ರ ಗುಂಡಿನ ದಾಳಿಯ ಬಗ್ಗೆ ಸ್ಯಾವಿಲ್ ವಿಚಾರಣಾ ವರದಿ ಬಂದು ಐದು ವರ್ಷದ ಮೇಲೆ. ಸತ್ತವರದ್ದು ತಪ್ಪಿರಲಿಲ್ಲ ಅಂತ 2010ರಲ್ಲಿ ಆ ವರದಿ ಹೇಳಿತ್ತು, ಆಗಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದರು. ಅದಕ್ಕೆ ಕುಟುಂಬಗಳು 38 ವರ್ಷ ಹೋರಾಡಬೇಕಾಯಿತು. ಆ ಕ್ಷಮೆ ಬಾರದೆ ಗುಡ್ಡದ ಮೇಲೆ ಎಷ್ಟು ಚಂದದ ಗೋಪುರ ಎದ್ದಿದ್ದರೂ ಎಷ್ಟೋ ಮನೆಯವರಿಗೆ ಅದು ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತಿತ್ತು. ಬ್ವೆನಸ್ ಐರಿಸ್‌ನಲ್ಲಿ ಉಲ್ಟಾ. ಕಾಗದದ ಆಕಾರಗಳು ಮೊದಲು ಬಂದವು. ಸೇನೆಯ ಮುಖ್ಯಸ್ಥರ ವಿಚಾರಣೆ 1985ರಲ್ಲಿ ನಡೆಯಿತು, ಸೇನಾ ಸರ್ಕಾರದ ಮೊದಲ ಮುಖ್ಯಸ್ಥ ವಿಡೆಲಾಗೆ ಜೀವಾವಧಿ ಶಿಕ್ಷೆ ಆಯಿತು. 1990ರಲ್ಲಿ ಕ್ಷಮಾದಾನ ಕೊಟ್ಟು ಬಿಟ್ಟರು, ಮುಂದೆ ಮತ್ತೆ ಕೋರ್ಟಿಗೆ ಎಳೆದರು. ಅಲ್ಲಿ ಕಲೆ ನ್ಯಾಯ ಕೇಳುವ ದಾರಿಯೇ ಆಗಿತ್ತು, ಜನರನ್ನು ಸಮಾಧಾನ ಮಾಡುವುದಾಗಿರಲಿಲ್ಲ. ಆ ರಾತ್ರಿ ಗೋಡೆಯ ಮೇಲೆ ನಿಂತ ಆಕಾರಗಳು ನೇರವಾಗಿ ಸರ್ಕಾರವನ್ನೇ ನೋಡುತ್ತಿದ್ದವು.

ಯಾರ ಹೆಸರು ಸೇರಿಸಬೇಕು, ಯಾರದ್ದು ಬಿಡಬೇಕು?

ಕಷ್ಟದ ಪ್ರಶ್ನೆ. ಮೊದಲ ಮಹಾಯುದ್ಧ ಶುರುವಾಗಿ ನೂರು ವರ್ಷವಾದಾಗ, 2014ರಲ್ಲಿ, ಲಂಡನ್ ಟವರ್‌ನ ಸುತ್ತಲಿನ ಕಂದಕದಲ್ಲಿ ಪಾಲ್ ಕಮಿನ್ಸ್ ಮತ್ತು ಟಾಮ್ ಪೈಪರ್ 888,246 ಪಿಂಗಾಣಿ ಗಸಗಸೆ ಹೂಗಳನ್ನು ನೆಡಿಸಿದರು. ಬ್ರಿಟನ್ ಮತ್ತು ಅದರ ವಸಾಹತುಗಳ ಕಡೆ ಸತ್ತ ಸೈನಿಕರೊಬ್ಬೊಬ್ಬರಿಗೂ ಒಂದು ಹೂವು. ಲಕ್ಷಾಂತರ ಜನ ನೋಡಿದರು, ಅತ್ತರು. ಆದರೆ ಜರ್ಮನ್ನರಿಗೆ, ಫ್ರೆಂಚರಿಗೆ ಹೂವಿರಲಿಲ್ಲ ಅನ್ನುವ ಟೀಕೆಯೂ ಬಂತು. ನನಗೂ ಆ ಟೀಕೆ ಸರಿ ಅನ್ನಿಸುತ್ತದೆ. ನಮ್ಮವರನ್ನು ಮಾತ್ರ ಎಣಿಸುವುದು ದುಃಖ ಹೌದು, ರಾಜಿಯ ಕಡೆಗೆ ಅದು ಹೆಜ್ಜೆ ಇಡುವುದಿಲ್ಲ.

ಹಾಗಂತ ಕೊಂದವನ ಹೆಸರನ್ನೂ ಸತ್ತವನ ಹೆಸರನ್ನೂ ಅಕ್ಕಪಕ್ಕ ಬರೆಯಿರಿ ಅಂತ ಯಾರ ಮೇಲೂ ಹೇರಬಾರದು. ಡೆರಿಯಲ್ಲಿ ಈ ತೊಡಕು ಸುಲಭವಾಗಿ ಬಿಡಿಸಿಕೊಂಡಿತು, ಯಾಕೆಂದರೆ ಅಲ್ಲಿ ಪಟ್ಟಿಯೇ ಇರಲಿಲ್ಲ. ಬಂದವರು ತಮಗೆ ಬೇಕಾದವರ ಹೆಸರು ಬರೆದರು. ಎಲ್ಲಿ ಪಟ್ಟಿ ಮಾಡಿದರೆ ಜಗಳ ಬೀಳುತ್ತದೋ ಅಲ್ಲಿ ಖಾಲಿ ಹಲಗೆ ಇಡುವುದು ಮೇಲು.

ಹೊರಗಿನ ಕಲಾವಿದರು ಬಂದು ನಮ್ಮ ದುಃಖದಲ್ಲಿ ಯಾಕೆ ಮೂಗು ತೂರಿಸಬೇಕು?

ಒಡೆದ ಊರಿನಲ್ಲಿ ಒಳಗಿನ ಯಾರೇ ಮುಂದೆ ಬಂದರೂ 'ಇವರು ಯಾವ ಕಡೆ?' ಅಂತ ಮೊದಲು ಕೇಳುತ್ತಾರೆ. ಹೊರಗಿನವರಿಗೆ ಆ ತೊಂದರೆ ಕಡಿಮೆ. ಆದರೆ ಅವರು ಬಂದು, ಫೋಟೊ ತೆಗೆಸಿಕೊಂಡು, ಹೋಗಿಬಿಡುವ ಅಪಾಯ ಜಾಸ್ತಿ. ಮೊದಲೇ ಜನ ಸೇರಿದ್ದ ಜಾಗಕ್ಕೆ ಕಲಾವಿದರು ಬಂದು ಅವರನ್ನು ಬದಿಗೆ ಸರಿಸಿದರೆ ಒಳಗಿನವರಾದರೂ ಒಂದೇ, ಹೊರಗಿನವರಾದರೂ ಒಂದೇ. ಬೊಗೋಟಾದಲ್ಲೇ ಚೌಕದಲ್ಲಿ ಶಾಂತಿಗಾಗಿ ಡೇರೆ ಹಾಕಿ ಕೂತಿದ್ದವರ ವಿಷಯದಲ್ಲಿ ಇಂಥ ಆಕ್ಷೇಪ ಕೇಳಿಬಂದಿತ್ತು. ಒಬ್ಬ ಕಲಾವಿದರನ್ನು ಒಪ್ಪುವ ಮೊದಲು ಎಷ್ಟು ತಿಂಗಳು ಊರಿನಲ್ಲಿ ಇರುತ್ತೀರಿ ಅಂತ ಕೇಳಿ. ಉತ್ತರ ಒಂದು ವಾರ ಅಂದರೆ ಬೇರೆಯವರನ್ನು ಹುಡುಕಿ.

ಯಾವಾಗ ಮಾಡಬೇಕು? ಎಷ್ಟು ವರ್ಷ ಕಾಯಬೇಕು?

ಲೆಕ್ಕ ಹಾಕಿ ಹೇಳುವುದಲ್ಲ. ಬೊಗೋಟಾದಲ್ಲಿ ಒಂಬತ್ತು ದಿನ, ಡೆರಿಯಲ್ಲಿ ಒಪ್ಪಂದದ ನಂತರ 17 ವರ್ಷ. ಜನರು ಸುರಕ್ಷಿತವಾಗಿ ಬಂದು ಹೋಗಬಹುದಾ, ಬಂದವರಿಗೆ ನಾಳೆ ತೊಂದರೆ ಆಗುವುದಿಲ್ಲವಾ ಅನ್ನುವುದನ್ನು ಮೊದಲು ನೋಡಿ.

ಜನರಿಗೆ ಇಷ್ಟವಾದರೆ ಉಳಿಸಿಕೊಳ್ಳಬಾರದಾ?

ಈ ಒತ್ತಾಯ ಪ್ರತಿ ಸಲ ಬರುತ್ತದೆ. ಲಂಡನ್ ಟವರ್‌ನ ಹೂಗಳನ್ನು ತೆಗೆಯಬೇಡಿ ಅಂತ ರಾಜಕಾರಣಿಗಳೂ ದನಿಗೂಡಿಸಿದರು. ಕೊನೆಗೆ ಎರಡು ಭಾಗಗಳನ್ನು ಉಳಿಸಿ ಬೇರೆ ಊರುಗಳಿಗೆ ಕಳಿಸಿದರು. ಉಳಿದ ಹೂಗಳನ್ನು ಮೊದಲೇ ಒಂದೊಂದಕ್ಕೆ 25 ಪೌಂಡಿನಂತೆ ಜನರಿಗೆ ಮಾರಿ, ಬಂದ ಹಣದಲ್ಲಿ ಪಾಲನ್ನು ಸೈನಿಕರ ಸೇವಾ ಸಂಸ್ಥೆಗಳಿಗೆ ಕೊಟ್ಟಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಕೊಟ್ಟ ಮಾತಿನಂತೆ ತೆಗೆಯಬೇಕು. ಸುಟ್ಟು ಹೋಗುತ್ತದೆ ಅಂತ ನಂಬಿ ಯಾರೋ ಒಬ್ಬರು ಇಪ್ಪತ್ತು ವರ್ಷ ಯಾರಿಗೂ ಹೇಳದ ಮಾತನ್ನು ಆ ಹಲಗೆಯ ಮೇಲೆ ಬರೆದಿರುತ್ತಾರೆ. ಅದನ್ನು ತೆಗೆದು ಮ್ಯೂಸಿಯಂನಲ್ಲಿ ಇಟ್ಟರೆ ಆ ನಂಬಿಕೆಗೆ ದ್ರೋಹ. ಫೋಟೊ ತೆಗೆಯುವ ವಿಷಯದಲ್ಲೂ ಇದೇ ಎಚ್ಚರ ಬೇಕು. ದೂರದಿಂದ ಇಡೀ ಕಟ್ಟಡದ ಚಿತ್ರ ತೆಗೆಯಲಿ, ಬರಹಗಳನ್ನು ಓದುವಷ್ಟು ಹತ್ತಿರ ಕ್ಯಾಮೆರಾ ಹೋಗದಿರಲಿ.

ಯಾರಾದರೂ ಬಂದು ಹಾಳು ಮಾಡಿದರೆ?

ಆಗಬಹುದು, ಅದಕ್ಕೆ ತಯಾರಿರಿ. ಕಾವಲಿಗೆ ಪೊಲೀಸರನ್ನು ನಿಲ್ಲಿಸುವುದಕ್ಕಿಂತ ಎರಡೂ ಕಡೆಯ ಹುಡುಗ ಹುಡುಗಿಯರನ್ನು ಕಟ್ಟುವ ಕೆಲಸಕ್ಕೇ ಸೇರಿಸಿಕೊಳ್ಳುವುದು ಒಳ್ಳೆಯದು. ತಾವೇ ಮೊಳೆ ಹೊಡೆದದ್ದನ್ನು ಯಾರೂ ಸುಲಭಕ್ಕೆ ಒಡೆಯಲು ಬಿಡುವುದಿಲ್ಲ. ಒಂದು ಮೂಲೆ ಹಾಳಾದರೆ ಗದ್ದಲ ಮಾಡದೆ ಬೆಳಗಾಗುವುದರೊಳಗೆ ಸರಿಮಾಡಿ.

ನಾವೂ ಇಂಥದ್ದು ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಕಲಾವಿದರನ್ನು ಆಮೇಲೆ ಹುಡುಕಿ. ಮೊದಲು ಕಳೆದುಕೊಂಡವರ ಮನೆಗೆ ಹೋಗಿ. ಒಂದೇ ಕಡೆಯವರ ಮನೆಗಲ್ಲ. ಏನು ಮಾಡಬೇಕು ಅಂತ ಕೇಳುವ ಮೊದಲು ಏನು ಮಾಡಬಾರದು ಅಂತ ಕೇಳಿ. ತಾಯಂದಿರು 'ಮಲಗಿಸಬೇಡಿ' ಅಂದರಲ್ಲ, ಅಂಥ ಮಾತು ನಿಮ್ಮಲ್ಲೂ ಇರುತ್ತದೆ. ಯಾವುದೋ ಬಣ್ಣ ಬೇಡ ಅನ್ನಬಹುದು, ಯಾವುದೋ ದಿನ ಬೇಡ ಅನ್ನಬಹುದು. ಶಬ್ದಕ್ಕೆ ಬೆಚ್ಚಿಬೀಳುವವರು ಇರುತ್ತಾರೆ, ಪಟಾಕಿ ಬೇಡ ಅನ್ನುತ್ತಾರೆ. ಮನೆ ಸುಟ್ಟು ಹೋದವರ ಊರಿನಲ್ಲಿ ಬೆಂಕಿಯ ಮಾತೇ ಎತ್ತಬಾರದು. ಡೆರಿಯಲ್ಲಿ ನಡೆದದ್ದು ಅಂತ ಎಲ್ಲ ಕಡೆ ಸುಡಲು ಹೊರಡಬೇಡಿ. ನೀರಿಗೆ ಬಿಡಬಹುದು, ಮಣ್ಣಿಗೆ ಸೇರಿಸಬಹುದು, ಬಿಚ್ಚಿ ಹಂಚಬಹುದು. ಒಬ್ಬೊಬ್ಬರು ಒಂದೊಂದು ತುಂಡು ಮನೆಗೆ ಒಯ್ಯಬಹುದು.

ಜಾಗ ಆರಿಸುವಾಗ ಎರಡೂ ಕಡೆಯವರು ಯಾರ ಬೀದಿಯನ್ನೂ ದಾಟದೆ ತಲುಪುವ ಹಾಗಿರಲಿ. ಕೆಲಸ ಸುಲಭವಾಗಿರಲಿ: ಬರೆಯುವುದು, ಹೊಲಿಯುವುದು, ಸುರಿಯುವುದು, ಕಟ್ಟುವುದು. ಅಕ್ಷರ ಬಾರದವರೂ, ಗಾಲಿಕುರ್ಚಿಯಲ್ಲಿ ಬಂದವರೂ ಮಾಡುವ ಹಾಗಿರಲಿ. ಬೆಂಕಿ, ಕಟ್ಟಡ, ಜನಸಂದಣಿಗೆ ಬೇಕಾದ ಅನುಮತಿಯನ್ನು ತಿಂಗಳುಗಳ ಮುಂಚೆಯೇ ತೆಗೆದುಕೊಳ್ಳಿ. ವೇದಿಕೆ ಮತ್ತು ಭಾಷಣ ಬೇಡ. ನಾಯಕರು ಬರಲಿ, ಎಲ್ಲರಂತೆ ಸಾಲಿನಲ್ಲಿ ನಿಂತು ಒಂದು ಹೆಸರು ಬರೆದು ಹೋಗಲಿ. ಹಣ ಕೊಟ್ಟವರ ಬ್ಯಾನರ್ ಕಟ್ಟಡದ ಹತ್ತಿರ ಸುಳಿಯಬಾರದು. ಕೋರಲ್ ಸ್ಪ್ರಿಂಗ್ಸ್‌ನ ಯೋಜನೆಗೆ ಬ್ಲೂಮ್‌ಬರ್ಗ್ ದತ್ತಿ ಸಂಸ್ಥೆಯ ನೆರವಿತ್ತು. ಅಷ್ಟು ದೊಡ್ಡ ಹಣ ಇಲ್ಲದಿದ್ದರೆ ಚಿಂತೆಯಿಲ್ಲ. ಬಟ್ಟಲುಗಳು ಮನೆಗಳಿಂದಲೇ ಬಂದವು, ಕಾಗದದ ಸುರುಳಿಗೆ ಎಷ್ಟು ಮಹಾ ಖರ್ಚು?

ಎಲ್ಲ ತೆಗೆದಾದ ಮೇಲೆ, ಮರುದಿನ?

ಮರುದಿನ ಜಾಗ ಗುಡಿಸುವುದಕ್ಕೂ ಜನರನ್ನು ಕರೆಯಿರಿ. ಬೂದಿಯನ್ನೋ ಉಳಿದ ಚೂರನ್ನೋ ಏನು ಮಾಡುವುದು ಅಂತ ಮೊದಲೇ ಅವರ ಜೊತೆ ಮಾತಾಡಿ ತೀರ್ಮಾನಿಸಿರಿ, ಕಸದ ಲಾರಿಗೆ ಹಾಕಬೇಡಿ. ಜೊತೆಗೆ ಕೆಲಸ ಮಾಡಿದವರ ಫೋನ್ ನಂಬರ್ ಅವರವರ ಒಪ್ಪಿಗೆ ಪಡೆದು ಒಬ್ಬರಿಗೊಬ್ಬರು ಹಂಚಿಕೊಳ್ಳಲಿ. ಆ ವಾರ ಒಬ್ಬಂಟಿಯಾಗಿ ಬಂದು ಅತ್ತು ಹೋದವರು ಯಾರು ಅಂತ ಸ್ವಯಂಸೇವಕರಿಗೆ ಗೊತ್ತಿರುತ್ತದೆ. ಮೊದಲ ತಿಂಗಳಲ್ಲಿ ಅಂಥ ಒಬ್ಬೊಬ್ಬರ ಮನೆಗೂ ಯಾರಾದರೂ ಒಮ್ಮೆ ಹೋಗಿ ಮಾತಾಡಿಸಿ ಬರಬೇಕು, ಬೇಕಾದರೆ ಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಬೇಕು. ಯಾರು ಯಾರ ಮನೆಗೆ ಅನ್ನುವ ಪಟ್ಟಿಯನ್ನು ಉದ್ಘಾಟನೆಗೆ ಮೊದಲೇ ಮಾಡಿಟ್ಟುಕೊಳ್ಳಿ.